ಅಪ್ಪ ಇದರೊಳಗಿದಾನೆ

ಸ್ಕಾಲವೀಕ್,
14 ನವೆಂಬರ್ 2024

ಪ್ರೀತಿಯ ಸುನ್ವಕ್ಕಾ,

ಹೇಗಿದ್ದೀಯ? ಊಟ ಸೇರುತ್ತಿದೆಯೆ? ಅಮ್ಮನ ಮೊಣಕಾಲು ನೋವು ಕಡಿಮೆಯಾಯಿತೆ? ನೀನು ಫೋನನ್ನು ಇಲ್ಲೇ ಬಿಟ್ಟು ತೋರ್ಶಾವ್ನ್‌ಗೆ, ಅಮ್ಮನ ಮನೆಗೆ, ಹೊರಟುಹೋದೆ. ಅಮ್ಮನ ಫೋನಿಗೆ ಮಾಡಿದರೆ ಪಕ್ಕದ ಕೋಣೆಗೆ ಎದ್ದು ಹೋಗುತ್ತೀಯಂತೆ. ಅದಕ್ಕೇ ಈ ಕಾಗದ. ನನಗೂ ಎದುರು ಮಾತಿಗಿಂತ ಇದೇ ಸುಲಭ, ನಿನಗೆ ಗೊತ್ತಲ್ಲ.

ನಿನ್ನ ಮಗ ಬಾರ್ದುರ್ ಆರೋಗ್ಯವಾಗಿದ್ದಾನೆ. ಒಣಗಿಸಿದ ಕುರಿಮಾಂಸ ಮುಟ್ಟುವುದಿಲ್ಲ, ಆಲೂಗಡ್ಡೆ ಮಾತ್ರ ತಿನ್ನುತ್ತಾನೆ. ನಾಲ್ಕು ವರ್ಷ ತುಂಬಿತೆಂದು ಬಂದವರಿಗೆಲ್ಲ ಹೇಳುತ್ತಾನೆ. ಉಳಿದಂತೆ ನಿನ್ನ ಫೋನು ಹಿಡಿದು ಬಂದರಿನ ಕಡೆಯ ಕಿಟಕಿಯಲ್ಲಿ ಕೂತಿರುತ್ತಾನೆ. ನೀನು ಹಾಕಿದ್ದ ಬೀಗ ಹಾಗೇ ಇದೆ. ಬಣ್ಣ ತುಂಬುವ ಆಟ ಬಿಟ್ಟು ಬೇರೇನೂ ತೆರೆಯುವುದಿಲ್ಲ, ಕರೆ ಬಂದರೂ ಸದ್ದಾಗುವುದಿಲ್ಲ. "ನಿಮ್ಮಕ್ಕ ಫೋನಿಗೂ ಜೈಲು ಕಟ್ಟಿದಾಳೆ ನೋಡೇ" ಎಂದು ಭಾವ ಗೇಲಿ ಮಾಡುತ್ತಿದ್ದರು.

ನಮ್ಮೂರಿನ ದೋಣಿ ಕೊಲ್ಲಿಯ ಬಾಯಿಗೆ ಬಂದೊಡನೆ ಗಂಡಸರು ಮನೆಗೆ ಫೋನು ಮಾಡುತ್ತಾರೆ, ಆಮೇಲೇ ನಾವು ಆಲೂಗಡ್ಡೆ ಒಲೆಗಿಡುವುದು. ದೋಣಿ ಮರಳದ ಆ ಸಂಜೆ ಭಾವ ಫೋನು ಮಾಡಿದ್ದರು, ಮಗುವಿನ ಕೈಯಲ್ಲಿ ಅದು ಮೂಕವಾಗಿತ್ತು, ಕೇಳಿಸಿದ್ದರೆ ಊರವರು ಹುಡುಕಲು ಆಗಲೇ ಹೊರಡುತ್ತಿದ್ದರು ಎಂದು ನೀನು ತಿಳಿದಿದ್ದೀಯ. ಬಾಯಿಬಿಟ್ಟು ಹೇಳಿಲ್ಲ. ಆದರೆ ದೋಣಿಯ ಹಲಗೆಗಳು ಸಿಕ್ಕಿ, ಚರ್ಚಿನಲ್ಲಿ ಪ್ರಾರ್ಥನೆಯಾದ ದಿನ, ತೊಡೆಯೇರಲು ಬಂದ ಮಗುವನ್ನು ಮುಟ್ಟದೆ ನೀನು ಕೈ ಹಿಂದೆ ಕಟ್ಟಿಕೊಂಡದ್ದನ್ನು ನಾನು ನೋಡಿದೆ.

ಊರವರ ಮಾತಿನಲ್ಲಿ ಅವನೂ ಏನೋ ಕೇಳಿಸಿಕೊಂಡಿದ್ದಾನೆ. ಸೋಮವಾರ ಫೋನನ್ನು ಕಿವಿಗೊತ್ತಿಕೊಂಡು, "ಚಿಕ್ಕಿ, ಅಪ್ಪ ಇದರೊಳಗಿದಾನೆ. ಅಮ್ಮ ಬೀಗ ಹಾಕಿದಾಳಲ್ಲ, ಅದಕ್ಕೆ ಬರಕ್ಕಾಗ್ತಿಲ್ಲ" ಎಂದ. ಅಂದಿನಿಂದ ಅದರ ಕಪ್ಪು ಗಾಜಿನಲ್ಲಿ ನನ್ನದೇ ಮುಖ ಕಂಡರೂ ಬೆಚ್ಚುತ್ತೇನೆ. ಬೀರುವಿನಲ್ಲಿ ಬಚ್ಚಿಟ್ಟೆ. ಬೀರುವಿನ ಬಾಗಿಲಿಗೆ ಬಾಯಿಟ್ಟು ಮಾತಾಡತೊಡಗಿದ. ಹೆದರಿ ವಾಪಸು ಕೊಟ್ಟೆ.

ಸಮುದ್ರದಡಿಯ ಸುರಂಗವಾದ ಮೇಲೆ ಇಲ್ಲಿಗೆ ಬರಲು ಹಡಗು ಕಾಯಬೇಕಿಲ್ಲ. ಒತ್ತಾಯ ಮಾಡುತ್ತಿಲ್ಲ, ಸುಮ್ಮನೆ ಬರೆದೆ.

ಅಮ್ಮನಿಗೆ ನನ್ನ ಮುತ್ತು. ದೇವರು ನಿನಗಿಷ್ಟು ನಿದ್ದೆ ಕೊಡಲಿ.

ನಿನ್ನ ತಂಗಿ,
ರನ್ವಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಾರ್ದುರ್ ಬಂದು ಬೀಗ ತೆಗೆದು ತೋರಿಸಿದ. ನೀನು ಬೆರಳಿನಿಂದ ಎಳೆಯುತ್ತಿದ್ದ ಗೆರೆಯನ್ನು ನೆನಪಿಟ್ಟುಕೊಂಡು, ಎಳೆದೆಳೆದು, ನಿನ್ನೆ ತೆರೆದನಂತೆ. ಕರೆಗಳ ಪಟ್ಟಿ ನೋಡಿದೆ, ಅಕ್ಕಾ. ಸದ್ದಿಲ್ಲದೆ ಬಂದವೂ ಅದರಲ್ಲಿರುತ್ತವೆ. ಆ ಸಂಜೆ ಅಮ್ಮ ಮಾಡಿದ್ದಿದೆ, ನಾನು ಮಾಡಿದ್ದಿದೆ. ಭಾವನದು ಇಲ್ಲ. ಅವರು ಕೊಲ್ಲಿಯ ಬಾಯಿಯವರೆಗೆ ಬರಲೇ ಇಲ್ಲ. "ನಾನೂ ಎಲ್ಲಾ ಕಡೆ ನೋಡ್ದೆ ಚಿಕ್ಕಿ, ಅಪ್ಪ ಇಲ್ಲ. ಅಮ್ಮ ಎಲ್ಲಿ?" ಎಂದು ಪಕ್ಕದಲ್ಲೇ ನಿಂತು ಕೇಳುತ್ತಿದ್ದಾನೆ.