ಗಾಳೆಮ್ಮ ದಿನದಂದು ಹುಟ್ಟಿದವಳು

ಮೇಲ್ದಂಡೆ
ಹೊರದಿನ ಮೂರು, ಎರಡು ಸಾವಿರದ ನೂರ ತೊಂಬತ್ತೆಂಟನೆಯ ಇಸವಿ

ಬೇವಿನದಿನ್ನಿ ಹೋರಾಟ ಸಮಿತಿಯ ಹಿರಿಯರಿಗೆ ದುರುಗವ್ವ ಮಾಡುವ ಶರಣು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ನನ್ನ ತಕರಾರೇ ಅದು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನನ್ನ ಅಜ್ಜಿಯ ಬಾಯಿಂದ. ಅವಳ ಬೈಗುಳ ಚೆನ್ನಾಗಿ ಬರುತ್ತದೆ, ಮರ್ಯಾದೆಯ ಮಾತು ಅಷ್ಟಾಗಿ ಬರುವುದಿಲ್ಲ. ನಿಮ್ಮೊಳಗೆ ಯಮನವ್ವ ಎಂಬ ಹುಡುಗಿ ಇದ್ದಾಳಲ್ಲ, ಕ್ಷೌರದಂಗಡಿಯ ಮುಂದಿನ ಬೆಂಚಿನ ಕೊನೆಗೆ ಕೂತು ಎಲ್ಲರಿಗೂ ನೀರು ಕೊಡುವವಳು, ಅವಳು ನನ್ನ ಮುತ್ತಜ್ಜಿಯ ಅಜ್ಜಿ. ನಾನು ಯಾರ ಪೈಕಿ ಎಂದು ನೀವು ಕೇಳುವ ಮೊದಲೇ ಹೇಳಿಬಿಟ್ಟೆ.

ಇದಕ್ಕೆ ಹಿಂದೋಲೆ ಎನ್ನುತ್ತಾರೆ. ಹಬ್ಬದ ದಿನ ಚೌಕದಲ್ಲಿ ಒಂದು ಪೆಟ್ಟಿಗೆ ಇಟ್ಟು, ಹಿಂದಿನ ಕಾಲದವರಿಗೆ ಏನಾದರೂ ಬರೆದು ಹಾಕಿ ಎನ್ನುತ್ತಾರೆ. ಮಕ್ಕಳು ಡೈನೋಸಾರುಗಳಿಗೆ ಬರೆಯುತ್ತಾರೆ. ಓಲೆ ನಿಜವಾಗಿಯೂ ಹೋಗುತ್ತದೆ ಎಂದು ಅದನ್ನು ಮಾಡಿದವರು ಹೇಳುತ್ತಾರೆ, ಮಿಕ್ಕವರು ನಗುತ್ತಾರೆ. ನಾನೂ ನಕ್ಕವಳೇ. ಈಗ ನಗುವ ಸ್ಥಿತಿಯಲ್ಲಿಲ್ಲ.

ಲೆಕ್ಕ ಸರಿಯಿದ್ದರೆ, ಗಾಳೆಮ್ಮ ತೀರಿಕೊಂಡು ನಿಮಗೆ ಇನ್ನೂ ತಿಂಗಳು ತುಂಬಿಲ್ಲ. ಮುಂದಿನ ವಾರ ಮಂತ್ರಿಗಳು ಬರುತ್ತಾರೆ. ನೀವು ಕೇಳಿದ್ದು ಒಂದು ಕಾನೂನು: ಜಾತಿ ನೋಡಿ ಕೇರಿಯವರಿಗೆ ಕ್ಷೌರದಂಗಡಿಯ ಬಾಗಿಲು ಮುಚ್ಚಿದವನಿಗಷ್ಟೇ ಅಲ್ಲ, ಹಿಂದೆ ನಿಂತು ಮುಚ್ಚಿಸಿದವನಿಗೂ ಶಿಕ್ಷೆಯಾಗಬೇಕು ಎಂದು. ಅವರು ತರುವುದು ರಜೆ. ಗಾಳೆಮ್ಮನ ಹೆಸರಿನಲ್ಲಿ ದೇಶಕ್ಕೆಲ್ಲ ಒಂದು ದಿನ ರಜೆ. ನೀವು ಅಳುತ್ತೀರಿ, ಶಾಲು ಹೊದಿಸಿಕೊಳ್ಳುತ್ತೀರಿ, ಕಾನೂನಿನ ಮಾತು ಮುಂದಿನ ಅಧಿವೇಶನಕ್ಕೆ ಹೋಗುತ್ತದೆ. ಆ ಅಧಿವೇಶನ ಇನ್ನೂ ಬಂದಿಲ್ಲ, ಹಿರಿಯರೇ. ನಾನು ಕಾದು ನೋಡಿ ಹೇಳುತ್ತಿದ್ದೇನೆ.

ಆ ರಜೆ ಬೆಳೆದ ಬಗೆಯನ್ನು ಕೇಳಿ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಗಾಳೆಮ್ಮನ ಪಾಠ ಮಾಡಿದವಳು. ಮದುವೆಯ ಹಿಂದಿನ ದಿನ ಮದುಮಗನಿಗೆ ಕ್ಷೌರ ಮಾಡಿಸಲು ಆಕೆ ಮಗನನ್ನು ಕರೆದುಕೊಂಡು ಬಸಲಿಂಗಪ್ಪನ ಅಂಗಡಿಗೆ ಹೋದದ್ದು ಪಾಠದಲ್ಲಿದೆ. ಅವನು ಶಟರ್ ಎಳೆದು "ಇವತ್ತ ಮಂಗಳವಾರ ಐತಬೇ, ಅಂಗಡಿ ಬಂದ್" ಎಂದದ್ದೂ ಇದೆ. ಅವತ್ತು ಶುಕ್ರವಾರ ಎಂಬುದನ್ನು ಮಾತ್ರ ತೆಗೆದಿದ್ದಾರೆ. ಗೌಡರ ಮನೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು, ಕತ್ತರಿ ಹಿಡಿದ ಬಸಲಿಂಗಪ್ಪನ ಕೈ ನಡುಗುತ್ತಿತ್ತು ಎಂಬುದನ್ನೂ ತೆಗೆದಿದ್ದಾರೆ. "ನಮ್ಮ ತಲಿ ನಾವ ಮನ್ಯಾಗ ಬೋಳಿಸಿಕೊಂಡ್ರ ಅವರ ಬಾಗಲಾ ಎಂದೂ ತೆರಿಯೂದಿಲ್ಲ" ಎಂದು ಆಕೆ ಹೇಳಿದ್ದು, ಕೇರಿಯ ಗಂಡಸರೆಲ್ಲ ಕೂದಲು ಗಡ್ಡ ಬಿಟ್ಟು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತದ್ದು, ಬೇಸಿಗೆಯ ಬಿಸಿಲಿಗೆ ಆಕೆ ಅಲ್ಲೇ ಕುಸಿದದ್ದು, ಇದಿಷ್ಟಕ್ಕೆ ಪಾಠದಲ್ಲಿ ಎರಡು ಸಾಲು. ಕೊನೆಗೆ ಬಸಲಿಂಗಪ್ಪ ಕಣ್ಣೀರು ಹಾಕಿ ಬಾಗಿಲು ತೆರೆಯುತ್ತಾನೆ, ಎಲ್ಲರೂ ಎಳ್ಳುಂಡೆ ತಿನ್ನುತ್ತಾರೆ. ತೆರೆಯಲಿಲ್ಲ ಎಂದು ನಿಮಗೆ ಗೊತ್ತು. ನೀವು ಬೆಂಚು ಬಿಟ್ಟು ಎದ್ದ ಮೇಲೆ ಅವನು ಅಂಗಡಿ ಮಾರಿ ಊರು ಬಿಟ್ಟ ಎಂಬುದು ಯಮನವ್ವನಿಂದ ಬಾಯಿಂದ ಬಾಯಿಗೆ ಬಂದು ನನಗೆ ಗೊತ್ತು. ಪರೀಕ್ಷೆಯಲ್ಲಿ ಹಾಗೆ ಬರೆದ ಮಕ್ಕಳಿಗೆ ನಾನು ಪೂರ್ತಿ ಅಂಕ ಕೊಟ್ಟೆ, ಮೇಲಿನವರು ಕತ್ತರಿಸಿದರು.

ಮೊದಮೊದಲು ರಜೆ ಆಕೆ ಹುಟ್ಟಿದ ದಿನಕ್ಕೇ ಇತ್ತಂತೆ. ಆಕೆಯದನ್ನು ನೋಡಿ ಮಿಕ್ಕ ಮಹಾತ್ಮರಿಗೂ ಒಂದೊಂದು ರಜೆ ಬಂತು, ಅವನ್ನೆಲ್ಲ ಒಂದೆಡೆ ಇಡಲು ಆಮೇಲೆ ಕ್ಯಾಲೆಂಡರನ್ನೇ ತಿದ್ದಿದರು. ತಿಂಗಳಿಗೆ ಮೂವತ್ತೇ ದಿನ, ಎಲ್ಲವೂ ಸಮ. ಉಳಿದ ಐದು ದಿನವನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ಹೊರದಿನ ಎಂದು ಹೆಸರಿಟ್ಟರು. ಅವು ಯಾವ ತಿಂಗಳಿಗೂ ಯಾವ ವಾರಕ್ಕೂ ಸೇರಿದ ದಿನಗಳಲ್ಲ. ಕೆಲಸ ಕೆಡದಂತೆ ಮಹಾತ್ಮರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಮೂರನೆಯ ಹೊರದಿನ ನಮ್ಮ ಗಾಳೆಮ್ಮನದು. ಅವತ್ತು ಕಚೇರಿಯಿಲ್ಲ, ನ್ಯಾಯಾಲಯವಿಲ್ಲ, ದೂರು ಸ್ವೀಕರಿಸುವವರಿಲ್ಲ. ಊರಿನ ಕ್ಷೌರದಂಗಡಿಗಳೆಲ್ಲ ಆಕೆಯ ಗೌರವಾರ್ಥ ಬಂದ್! ಬಾಗಿಲು ತೆರೆಸಲು ಸತ್ತವಳ ಹೆಸರಿನಲ್ಲಿ ದೇಶದ ಬಾಗಿಲುಗಳನ್ನೆಲ್ಲ ಮುಚ್ಚಿ ಮೆರವಣಿಗೆ ಮಾಡುತ್ತಾರೆ. ಇದರಲ್ಲಿ ಏನೋ ತಲೆಕೆಳಗಾಗಿದೆ ಎಂದುಕೊಳ್ಳುವವಳು ಮೇಲ್ದಂಡೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಊರಿನ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಹಳೆಯ ಬೇವಿನದಿನ್ನಿಯಲ್ಲಿ ಈಗ ಬಿಸಿಲಿಗೆ ಯಾರೂ ಬದುಕಲಾರರು. ತುಂಗಭದ್ರೆಯ ದಂಡೆಯ ಮೇಲೆ ಈ ಊರು ಕಟ್ಟಿದ್ದಾರೆ. ಬೀದಿಗಳಿಗೆಲ್ಲ ಚಾವಣಿ ಇದೆ, ಅವಕ್ಕೆ ನೆರಳುದಾರಿ ಎನ್ನುತ್ತೇವೆ. ಬೆಳಿಗ್ಗೆ ಮನೆಯಿಂದ ಹೊರಟರೆ ನೆರಳುದಾರಿಯ ಬಾಗಿಲು, ನೀರಿನ ಕಟ್ಟೆಯ ಬಾಗಿಲು, ಶಾಲೆಯ ಬಾಗಿಲು, ಎಲ್ಲವೂ ತಾವೇ ತೆರೆಯುತ್ತವೆ. ಮಗು ಹುಟ್ಟಿದ ಗಳಿಗೆಯಲ್ಲೇ ಆಸ್ಪತ್ರೆಯ ಯಂತ್ರ ಆ ದಿನದ ತಾರೀಖಿನಿಂದ ಒಂದು ಸಂಖ್ಯೆ ಮಾಡಿ ಅಂಗೈಯೊಳಗೆ ಇಡುತ್ತದೆ. ಅದು ಹುಟ್ಟಂಕಿ. ಬಾಗಿಲುಗಳು ಓದುವುದು ಅದನ್ನೇ. ಕ್ಷೌರಕ್ಕೂ ಈಗ ಮನುಷ್ಯರಿಲ್ಲ, ಕುರ್ಚಿಯೇ ಅಂಗೈ ಓದಿ ಕತ್ತರಿಸುತ್ತದೆ. ಜಾತಿ ಕೇಳುವವರು ಯಾರೂ ಇಲ್ಲ ಎಂದು ನಮ್ಮವರು ಎದೆ ತಟ್ಟಿಕೊಂಡು ಹೇಳುತ್ತಾರೆ. ನಿಜ, ಜಾತಿ ಕೇಳುವುದಿಲ್ಲ. ತಾರೀಖು ಕೇಳುತ್ತಾರೆ.

ಹೊರದಿನಕ್ಕೆ ತಾರೀಖಿಲ್ಲ. ಅವತ್ತು ಹುಟ್ಟಿದ ಮಗುವಿಗೆ ಹುಟ್ಟಂಕಿ ಇಲ್ಲ. ಉಳ್ಳವರು ಮೊದಲೇ ಡಾಕ್ಟರಿಗೆ ಹೇಳಿ ಹಿಂದೆಯೋ ಮುಂದೆಯೋ ಹೆರಿಗೆ ಮಾಡಿಸಿಕೊಳ್ಳುತ್ತಾರೆ. ಮಿಕ್ಕವರ ಮಕ್ಕಳು ಹೊರದಿನದವರಾಗುತ್ತಾರೆ. ಅವರು ನೆರಳುದಾರಿಯ ಆಚೆ, ಬಿಸಿಲಿನಲ್ಲಿ, ಊರಿನ ಕೊಳಚೆ ಹೊರಬೀಳುವ ಕಡೆ ಇರುತ್ತಾರೆ. ಬಾಗಿಲಿಲ್ಲದ ಕೆಲಸ ಅದೊಂದೇ. ತಮ್ಮತಮ್ಮಲ್ಲೇ ಮದುವೆಯಾಗುತ್ತಾರೆ, ಅಂಗೈ ಬರಿದಾದವರಿಗೆ ಇನ್ನಾರು ಹೆಣ್ಣು ಕೊಡುತ್ತಾರೆ? ಅವರ ಮಕ್ಕಳು ಮಾಮೂಲು ದಿನ ಹುಟ್ಟಿದರೂ ಆಸ್ಪತ್ರೆಯ ಬಾಗಿಲು ತಾಯಿಗೆ ತೆರೆಯುವುದಿಲ್ಲ, ಹಾಗಾಗಿ ಅವರಿಗೂ ಹುಟ್ಟಂಕಿ ಇಲ್ಲ. ಇದಕ್ಕೆ ನಿಮ್ಮ ಕಾಲದಲ್ಲಿ ಒಂದು ಹೆಸರಿತ್ತು. ಇಲ್ಲಿ ಆ ಹೆಸರು ಹೇಳಿದರೆ ಜನ ನೊಂದುಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ಇದೇ ದಿನ ನನ್ನ ಮಗಳು ಕೆಂಚವ್ವ ಹೆತ್ತಳು. ಇನ್ನೂ ಹತ್ತು ದಿನವಿದೆ ಎಂದಿದ್ದರು, ಕೂಸಿಗೆ ಅವಸರ. ಹೊರಗೆ ಗಾಳೆಮ್ಮನ ಮೆರವಣಿಗೆಯ ಡೊಳ್ಳು ಬಡಿಯುತ್ತಿತ್ತು, ಒಳಗೆ ನನ್ನ ಮೊಮ್ಮಗಳು ಅತ್ತಳು. ಯಂತ್ರ ಅವಳ ಅಂಗೈ ಮೇಲೆ ಒಂದು ಗಳಿಗೆ ನಿಂತು ಸುಮ್ಮನೆ ಹಿಂದಕ್ಕೆ ಹೋಯಿತು. ನರ್ಸ್ ನಮ್ಮ ಕಡೆ ನೋಡಲಿಲ್ಲ. ಕೂಸಿಗೆ ಮಲ್ಲವ್ವ ಎಂದು ನಾವೇ ಹೆಸರಿಟ್ಟೆವು. ಕಚೇರಿಗೆ ಅಲೆದೆ. ಅಲ್ಲಿಯ ಅಧಿಕಾರಿ ತುಂಬ ಒಳ್ಳೆಯವನು, ಕುರ್ಚಿ ಕೊಟ್ಟ, ಮಜ್ಜಿಗೆ ಕೊಟ್ಟ. "ನಿಮ್ಮ ಮೊಮ್ಮಗಳು ಇಲ್ಲ ಅಂತ ನಾವು ಹೇಳ್ತಿಲ್ಲ ಅಮ್ಮಾ. ಅವಳು ಹುಟ್ಟಿದ ದಿನ ಇಲ್ಲ, ಅಷ್ಟೇ" ಎಂದ. ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ನಿಮ್ಮ ಕಾಲದಲ್ಲಿ ಬಾಗಿಲು ಮುಚ್ಚಲು ಒಬ್ಬ ಬಸಲಿಂಗಪ್ಪನಾದರೂ ಬೇಕಿತ್ತು, ಅವನ ಕೈಯಾದರೂ ನಡುಗುತ್ತಿತ್ತು. ನಮ್ಮ ಬಾಗಿಲುಗಳು "ದಯವಿಟ್ಟು ನಾಳೆ ಬನ್ನಿ" ಎಂದು ಹೆಣ್ಣುದನಿಯಲ್ಲಿ ಮೆಲ್ಲಗೆ ಹೇಳುತ್ತವೆ.

ಕೂಸಿಗೆ ಜವಳ ತೆಗೆಸುವ ಕಾಲ ಬಂತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಹುಟ್ಟುಗೂದಲು ತೆಗೆಸುವುದು ಈಗಲೂ ಉಳಿದಿದೆ. ಮಾವ ಕುರ್ಚಿಯಲ್ಲಿ ಕೂತ, ಕೂಸು ಅವನ ತೊಡೆಯಲ್ಲಿ ಕೂತಿತು, ಕುರ್ಚಿ ಅಲುಗಲಿಲ್ಲ. ಕೆಂಚವ್ವ ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡಳು. ನಾನು ಅವಳ ಕೈ ಹಿಡಿದೆ. "ಅವ್ವಾ, ನಿನ್ನ ಹಟಕ್ಕ ನನ್ನ ಕೂಸಿನ ತಲಿನ ಬೇಕೇನು?" ಎಂದು ಅತ್ತಳು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಮನೆಯಲ್ಲಿ ಕತ್ತರಿಸಿಕೊಂಡರೆ ಅವರ ಮಟ್ಟಿಗೆ ಮಾತು ಮುಗಿದೇ ಹೋಯಿತು, ಗಾಳೆಮ್ಮ ಹೇಳಿದ್ದು ಅದನ್ನೇ ಅಲ್ಲವೇ? ಶಿಶುವಿಹಾರದ ಬಾಗಿಲೂ ತೆರೆಯದೆ ಹೋದ ಮೇಲೆ ಕೆಂಚವ್ವ ಕತ್ತರಿಯನ್ನು ತಾನೇ ಎತ್ತಿಟ್ಟಳು. ಮಲ್ಲವ್ವನ ಕೂದಲು ಈಗ ಸೊಂಟ ಮುಟ್ಟಿದೆ.

ಅಂಗಡಿಯ ಮುಂದೆ ಕೂರೋಣ ಎಂದು ಹೋದೆವು. ಪ್ರತಿ ಕ್ಷೌರದಂಗಡಿಯ ಮುಂದೆ ಒಂದು ಬೆಂಚು ಇರಲೇಬೇಕೆಂದು ಕಾಯಿದೆ ಇದೆ, ಗಾಳೆಮ್ಮನ ನೆನಪಿಗೆ. ಅದರ ಮೇಲೆ ಯಾರೂ ಕೂರುವಂತಿಲ್ಲ, ಹೂ ಇಡಬಹುದು. ಮಾಮೂಲು ದಿನ ಕೂತರೆ ರಾಷ್ಟ್ರನಾಯಕಿಯನ್ನು ಅಣಕಿಸಿದ ಅಪರಾಧ. ಕಾವಲಿನವರು ನಮ್ಮನ್ನು ಬಹಳ ಮರ್ಯಾದೆಯಿಂದಲೇ ಎಬ್ಬಿಸಿದರು. ಮೂರನೆಯ ಹೊರದಿನ ಬೇಕಾದರೆ ಕೂರಬಹುದಂತೆ. ಅವತ್ತು ಶಾಲೆಯ ಮಕ್ಕಳೆಲ್ಲ ಉದ್ದನೆಯ ಚೌರಿ ಕಟ್ಟಿಕೊಂಡು, ಇದ್ದಿಲಿನಿಂದ ಗಡ್ಡ ಬರೆದುಕೊಂಡು ಬೆಂಚಿನ ಮೇಲೆ ಕೂತು ಹೋರಾಟದ ಆಟ ಆಡುತ್ತಾರೆ. ಚೆನ್ನಾಗಿ ಕೂತವರಿಗೆ ಬಹುಮಾನ.

ಇವತ್ತು ಕೂತೆವು. ನಾನು, ಕೆಂಚವ್ವ, ನಡುವೆ ಮಲ್ಲವ್ವ. ಮೆರವಣಿಗೆ ಹಾದುಹೋಯಿತು. ಜನ ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣು ಒರೆಸಿಕೊಂಡರು, ಒಬ್ಬಾಕೆ ಕೂಸಿನ ಬಾಯಿಗೆ ಎಳ್ಳುಂಡೆ ಇಟ್ಟಳು. ಇದು ಆಟವಲ್ಲ, ಈ ಕೂಸಿಗೆ ಹುಟ್ಟಂಕಿ ಇಲ್ಲ, ಈ ಅಂಗಡಿ ಇವಳಿಗೆ ತೆರೆಯುವುದಿಲ್ಲ ಎಂದು ನಾನು ಕೂಗಿ ಹೇಳಿದೆ. ಅವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಬಂದು ನಮಗೆ ಮೊದಲನೆಯ ಬಹುಮಾನ ಎಂದರು. ಅವರಲ್ಲೊಬ್ಬ, "ಎಷ್ಟ್ ಚಂದ ಕಟ್ಟೀರಿ ಚೌರಿ, ಬಿಚ್ಚಿ ತೋರಿಸ್ರಿ" ಎಂದು ಮಲ್ಲವ್ವನ ಕೂದಲು ಹಿಡಿದು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಕೂಸು ಕಿರುಚಿಕೊಂಡಿತು. ಅವನು ಕೈ ಬಿಟ್ಟು, ಆ ಕೈಯನ್ನು ತನ್ನ ಅಂಗಿಗೆ ಒರೆಸಿಕೊಂಡ. ಚಪ್ಪಾಳೆ ನಿಂತಿತು. ಎಲ್ಲರಿಗೂ ಗೊತ್ತಾಯಿತು. ಆಮೇಲೆ ಒಬ್ಬೊಬ್ಬರಾಗಿ ಮೆರವಣಿಗೆಯ ಹಿಂದೆ ಹೋದರು.

ಅಲ್ಲಿಂದಲೇ ಬಂದು ಬರೆಯುತ್ತಿದ್ದೇನೆ. ಮಲ್ಲವ್ವ ನನ್ನ ತೊಡೆಯ ಮೇಲೆ ಇನ್ನೂ ಬಿಕ್ಕುತ್ತಿದ್ದಾಳೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚುಮರೆ ಏಕೆ. ನೀವು ದಣಿದಿದ್ದಿರಿ, ಹೆಣ ಹೊತ್ತು ಬಂದಿದ್ದಿರಿ, ಮೊದಲ ಸಲ ಯಾರೋ ದೊಡ್ಡವರು ನಿಮಗೆ ಕೈ ಮುಗಿದರು, ಗೊತ್ತು. ಆದರೂ ಸಿಟ್ಟಿದೆ. ಅದನ್ನು ತೀರಿಸಲು ನಿಮಗೆ ಇನ್ನೂ ಒಂದು ವಾರವಿದೆ.

ಮಂತ್ರಿಗಳು ಬಂದಾಗ ಶಾಲು ಬೇಡ ಎನ್ನಿ. ರಜೆ ಬೇಡ ಎನ್ನಿ. ಆಕೆಯ ಫೋಟೋ ಕೇಳಿದರೆ ಕೊಡಬೇಡಿ. ಕೇಳಿದ ಕಾನೂನು ಕೊಡುವ ತನಕ ಬೆಂಚು ಬಿಟ್ಟು ಏಳಬೇಡಿ, ಅಂಗಡಿ ತೆರೆದು ಗಾಳೆಮ್ಮನ ಮಗ ಕುರ್ಚಿಯಲ್ಲಿ ಕೂತು ಎದ್ದು ಬರಲಿ. ಕೃತಘ್ನರು ಎಂದು ಪೇಪರಿನಲ್ಲಿ ಬರೆಯುತ್ತಾರೆ, ಬರೆಯಲಿ. ಆಕೆಯ ಹೆಸರು ನಿಮ್ಮ ಕೇರಿಯ ಆಚೆ ಯಾರಿಗೂ ಗೊತ್ತಾಗದೆ ಹೋಗಬಹುದು, ಹೋಗಲಿ. ನನಗೆ ಪಾಠ ಮಾಡಲು ಬೇರೆ ಯಾರಾದರೂ ಸಿಗುತ್ತಾರೆ. ಈ ದೇಶ ಗಾಳೆಮ್ಮನನ್ನು ಪೂರಾ ಮರೆಯಲಿ, ನನ್ನ ಮೊಮ್ಮಗಳು ಯಾವುದೋ ಒಂದು ಬುಧವಾರ ಹುಟ್ಟಲಿ.

ನಿಮ್ಮ ಯಮನವ್ವನ ಕುಡಿ,
ದುರುಗವ್ವ