ಮೂರು ಗುಡ್ಡ, ಒಂದು ಕಾಲು

ನವೆಂಬರ್ 14, ಗುರುವಾರ. ಊಟದ ಬಿಡುವು

ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಕಾಗುಣಿತ ಇನ್ನೂ ಕೆಟ್ಟದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರೂ ಓದದ ಪುಸ್ತಕದಲ್ಲಿ ಯಾರ ಕ್ಷಮೆ ಕೇಳುತ್ತಿದ್ದೇನೋ... ಹಾಳೆಗೆ ಹತ್ತಿದ ನೀಲಿ ಇಂಕಲ್ಲ. ಜೀನ್ಸ್ ಬಟ್ಟೆಯ ಬಣ್ಣ. ಬೆಳಿಗ್ಗೆಯಿಂದ ನಲವತ್ತು ಪ್ಯಾಂಟಿಗೆ ಪಕ್ಕದ ಹೊಲಿಗೆ ಹಾಕಿದೆ.

ವಿಜಯಕುಮಾರ ಹೊಸ ಮಾತು ಕಲಿತಿದ್ದಾನೆ — ಚಾರಿಟಿ. ನಮ್ಮ ಜೀನ್ಸ್ ಯೂನಿಟ್ಟಿನ ಸೂಪರ್‌ವೈಸರ್ ಅವನು. ಬಾಯಲ್ಲಿ ಪೆಪ್ಪರ್ಮೆಂಟು ಇಟ್ಟುಕೊಂಡವನ ಹಾಗೆ ದಿನವಿಡೀ ಅದನ್ನೇ ಚೀಪುತ್ತಾನೆ.

ವಿಷಯ ಇಷ್ಟು. ಇಸ್ತ್ರಿ ಮಾಡುವ ಜಡೆಪ್ಪ ಮಾವನ ಬಲಗಾಲನ್ನು ಸಕ್ಕರೆ ಕಾಯಿಲೆಗೆ ಮೊಣಕಾಲ ಕೆಳಗೆ ತೆಗೆದು ಏಳು ತಿಂಗಳಾಯಿತು. ಈಗ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡುತ್ತಾನೆ. ಕೂತರೆ ಪೆಟ್ಟಿಗೆಯ ಮೇಲೆ ಭಾರ ಬೀಳುವುದಿಲ್ಲ, ಕೆಲಸ ಅರ್ಧಕ್ಕೆ ಬಂದಿದೆ. ಸಂಕ್ರಾಂತಿಯೊಳಗೆ ನಿಂತು ಮಾಡದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ ಧಣಿ ದೊಡ್ಡಬಸಪ್ಪ. ಅದಕ್ಕೇ ಕೃತಕ ಕಾಲು. ಅದಕ್ಕೇ ಚಾರಿಟಿ.

ನಾನು, ವಿಜಯಕುಮಾರ, ಜೊತೆ ಕೆಲಸದ ಎರ್ರಿ, ಮೂವರೂ ಬಳ್ಳಾರಿ ಗುಡ್ಡ, ಕುರುಗೋಡು ಗುಡ್ಡ, ತೆಕ್ಕಲಕೋಟೆ ಗುಡ್ಡ ಹತ್ತಿ ಇಳಿದು, ಸಿರುಗುಪ್ಪದಲ್ಲಿರುವ ಧಣಿಯ ರೈಸ್‌ಮಿಲ್ಲಿನ ತನಕ ನಡೆಯಬೇಕು. ಕೊನೆಗೆ ಇಬ್ಬರಾದರೂ ಪೂರ್ತಿ ನಡೆದಿರಬೇಕು. ಆಗ ಕಾಲು ಧಣಿ ಕೊಡಿಸುತ್ತಾರೆ. ಆಟೋ, ಬಸ್ಸು ಹತ್ತಿದವನು ಲೆಕ್ಕಕ್ಕಿಲ್ಲ. ಕೊಡುವ ಮನಸ್ಸಿದ್ದರೆ ಕೊಟ್ಟುಬಿಡಬಾರದೇ? ಇಲ್ಲ, ಮೊದಲು ಮೂರು ಮಂಗಗಳು ಗುಡ್ಡ ಹತ್ತಬೇಕು. ಮಂಗಗಳಿಗೆ ತಲಾ ಒಂದು ಹೊಸ ಪ್ಯಾಂಟು ಬೇರೆ, ಯೂನಿಟ್ಟಿನ ಜಾಹೀರಾತಿಗೆ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಾನು ಯಾರಿಗೂ ಏನೂ ಹೇಳುವುದಿಲ್ಲ.

ನವೆಂಬರ್ 17, ಭಾನುವಾರ. ಬೆಳಿಗ್ಗೆ ಏಳು, ಬಳ್ಳಾರಿ ಗುಡ್ಡದ ಮೇಲೆ

ಬ್ಯಾನರ್ ಹಿಡಿದು ನಿಂತೆವು. ಅದರಲ್ಲಿ ಜಡೆಪ್ಪ ಮಾವನ ಫೋಟೊ. ಬೇಡ ಎಂದಿದ್ದ, ಹಾಕಿದ್ದಾರೆ. ಶ್ರದ್ಧಾಂಜಲಿಯ ಪಟದ ಹಾಗಿದೆ. ವಿಜಯಕುಮಾರ ಅದರ ಪಕ್ಕದಲ್ಲಿ ಹೆಬ್ಬೆರಳು ಎತ್ತಿ ನಗುತ್ತಿದ್ದಾನೆ. ಎರ್ರಿ ವಿಡಿಯೋ ಮಾಡುತ್ತಿದ್ದಾನೆ. ಎರ್ರಿ ಯೂನಿಟ್ಟಿನಲ್ಲಿ ಗುಂಡಿ ತೂರುವ ಕಾಜಾ ಹಾಕುವವನು. ಅವನ ಬುದ್ಧಿಯೂ ಆ ತೂತಿನಷ್ಟೇ ಅಗಲ.

ನಿನ್ನೆ ಮಾವ ಒಂದೇ ಮಾತು ಹೇಳಿದ್ದ. "ನೀರು ಕಾಣದ ಪ್ಯಾಂಟ್ ಹಾಕ್ಕಂಡು ದೂರ ನಡೀಬ್ಯಾಡ್ರಿ. ತೊಡಿ ಸುಲೀತಾವು." ಒಗೆದರೆ ಬಣ್ಣ ಹೋಗುತ್ತದೆ, ವಿಡಿಯೋದಲ್ಲಿ ಗೆಟಪ್ ಬರುವುದಿಲ್ಲ ಎಂದ ವಿಜಯಕುಮಾರ. ಹತ್ತು ವರ್ಷದಿಂದ ಪ್ಯಾಂಟು ಹೊಲಿಯುವ ಜನ ನಾವು. ಹೊಲಿದದ್ದು ವಾಶಿಂಗ್‌ಗೆ ಹೋಗಿ ಮೆತ್ತಗಾಗುತ್ತದೆ, ಆಮೇಲೆ ಯಾರೋ ಹಾಕುತ್ತಾರೆ. ಕಚ್ಚಾ ಜೀನ್ಸು ಮೈಗೆ ಏನು ಮಾಡುತ್ತದೆ ಎಂದು ಹೊಲಿದವನಿಗೇ ಗೊತ್ತಿಲ್ಲ. ತಗಡು ಸುತ್ತಿಕೊಂಡ ಹಾಗಿದೆ.

ಫೋಟೊ ಮುಗಿಯಿತು. ಊರು ದಾಟಿದ ಮೇಲೆ ಬೇವಿನ ಗಿಡದ ಹಿಂದೆ ಹೋಗಿ ಲುಂಗಿ ಉಡುತ್ತೇನೆ.

ಅದೇ ದಿನ, ಸಂಜೆ. ಕುರುಗೋಡು

ಲುಂಗಿ ನೋಡಿ ದಾರಿಯುದ್ದಕ್ಕೂ ನಕ್ಕರು. "ಲೇ ಕೈಸರ್, ಗುಡ್ಡ ಹತ್ತಾಕ ಹೊಂಟೀಯೋ, ಲಾರಿ ತೊಳಿಯಾಕ ಹೊಂಟೀಯೋ?" ಎಂದ ಎರ್ರಿ. ಮಧ್ಯಾಹ್ನದ ನಂತರ ಯಾರೂ ನಗಲಿಲ್ಲ. ಇಬ್ಬರೂ ಬಾತುಕೋಳಿಗಳ ಹಾಗೆ ಕಾಲು ಅಗಲಿಸಿ ನಡೆದರು.

ದಾರಿಯಲ್ಲಿ ಒಬ್ಬ ಅಜ್ಜಿ ಮಜ್ಜಿಗೆ ಕೊಟ್ಟು, ಯಾವ ದೇವರಿಗೆ ಹೊರಟಿದ್ದೀರಿ ಎಂದು ಕೇಳಿದಳು. ವಿಜಯಕುಮಾರ ಟ್ರೆಕ್ಕಿಂಗ್ ಎಂದ. "ಅದೆಲ್ಲಿ ಬರ್ತೈತಪಾ?" ಎಂದಳು. ಇಡೀ ದಿನದಲ್ಲಿ ಕೇಳಿದ ಒಳ್ಳೆಯ ಮಾತು ಅದೊಂದೇ.

ಈಗ ಕಟ್ಟೆಯ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ. ಎರ್ರಿಯ ತೊಡೆ ಸುಲಿದು ಕೆಂಪಾಗಿದೆ, ಅದರ ಸುತ್ತ ನೀಲಿ. ಮಾವನ ಮಾತು ನೆನಪಿಸಲಿಲ್ಲ. ನೋಡುತ್ತಾ ಕೂತೆ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ.

ನವೆಂಬರ್ 18, ಸೋಮವಾರ. ಮಧ್ಯಾಹ್ನ

ಕುರುಗೋಡು ಗುಡ್ಡದ ಮೊದಲ ಬಂಡೆಯ ಹತ್ತಿರವೇ ಇಬ್ಬರೂ ಕೂತರು. ಕೆಳಗಿನ ಮನೆಗಳು ಕಾಣದ ಹಾಗೆ ಫೋನ್ ಹಿಡಿದು, "ಟಾಪ್" ಎಂದು ವಿಡಿಯೋ ಮಾಡಿಕೊಂಡರು. ನಾನು ಹತ್ತಿದೆ. ಬಂಡೆ ಹಿಡಿದರೆ ಕೈ ಸುಡುತ್ತಿತ್ತು. ಮೇಲೆ ಗಾಳಿ, ಮುರಿದ ಗೋಡೆ, ಒಂದು ಹೋತ. ಅಲ್ಲಿ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಹೋತ ನೋಡುತ್ತಿತ್ತು.

ಇಳಿದು ಬರುವಷ್ಟರಲ್ಲಿ ಆಟೋ ನಿಂತಿತ್ತು. ತೆಕ್ಕಲಕೋಟೆಗೆ ಹೋಗಿ ಕಾಯುತ್ತಾರಂತೆ. ನೀನೂ ಬಾ ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಇವನು ಧಣಿಗೆ ಹೇಳಿದರೆ ಏನು ಗತಿ ಎಂದು ಎರ್ರಿ ಕೇಳಿದ, ನಾನು ಅಲ್ಲೇ ನಿಂತಿರುವಾಗ.

"ಇವನಾ?" ಎಂದ ವಿಜಯಕುಮಾರ. "ಇವನ ಬಾಯಾಗ ಮಾತು ಬರೂದು ನೋಡಿಯೇನು ಎಂದಾರ?"

ಆಟೋ ಹೋಯಿತು. ನಡೆಯುತ್ತಿದ್ದೇನೆ.

ನವೆಂಬರ್ 19, ಮಂಗಳವಾರ. ಸಂಜೆ

ತೆಕ್ಕಲಕೋಟೆ. ಗುಡ್ಡ ಹತ್ತಿದೆ, ಇಳಿದೆ. ಎಡಗಾಲ ಹಿಮ್ಮಡಿಯ ಬೊಬ್ಬೆ ಒಡೆದು ಚಪ್ಪಲಿಗೆ ಅಂಟಿದೆ. ಅವರು ಲಾಡ್ಜಿನಲ್ಲಿ ಫ್ಯಾನಿನ ಕೆಳಗೆ ಮಲಗಿದ್ದಾರೆ. ಮಾತಾಡಿಸಲಿಲ್ಲ. ಸಾಕು.

ನವೆಂಬರ್ 20, ಬುಧವಾರ. ಸಿರುಗುಪ್ಪದಿಂದ ಬಸ್ಸಿನಲ್ಲಿ

ಅಕ್ಷರ ಇಂದು ಇನ್ನೂ ಕೆಟ್ಟಿದೆ. ಬಸ್ಸಿಗೂ ಹೌದು, ಸಿಟ್ಟಿಗೂ ಹೌದು.

ನಾನು ನಡೆದು ತಲುಪುವಷ್ಟರಲ್ಲಿ ಊರ ಹೊರಗೆ ಇಬ್ಬರೂ ಆಟೋ ಇಳಿದು, ಅದೇ ಪ್ಯಾಂಟು ತೊಟ್ಟು, ಮುಖಕ್ಕೆ ನೀರು ಚಿಮುಕಿಸಿಕೊಂಡು ಬೆವರು ಮಾಡಿಕೊಂಡರು. ಮಿಲ್ಲಿನ ಅಂಗಳದಲ್ಲಿ ಭತ್ತ ಹರಡಿತ್ತು. ಹಮಾಲರು ಚೀಲ ಬಿಟ್ಟು ಸುತ್ತ ನಿಂತರು. ಯಾರ‍್ಯಾರು ಪೂರ್ತಿ ನಡೆದಿರಿ ಎಂದು ಧಣಿ ಕೇಳಿದರು. ಮೂವರೂ ಎಂದ ವಿಜಯಕುಮಾರ.

"ಬಾಯಿ ಮಾತು ಬ್ಯಾಡ," ಎಂದರು ಧಣಿ. "ಮೂವತ್ತು ವರ್ಷ ಜೀನ್ಸ್ ದಂಧೆ ಮಾಡೀನಿ. ಪ್ಯಾಂಟ್ ತೋರಸ್ರಿ."

ನಡೆದ ಜೀನ್ಸಿಗೆ ಮೊಣಕಾಲ ಹಿಂದೆ, ತೊಡೆಯ ಸಂದಿಗೆ ಗೆರೆಗಳು ಬೀಳುತ್ತವೆ. ಎಷ್ಟು ನಡೆದರೆ ಅಷ್ಟು. ಅವರಿಬ್ಬರ ಪ್ಯಾಂಟಿಗೂ ಭಾನುವಾರದ ಗೆರೆಗಳಿದ್ದವು, ಅದೇ ಧಾರಾಳವಾಗಿ ಸಾಕಾಯಿತು. ಧಣಿ ಬಗ್ಗಿ ನೋಡಿ ಬೆನ್ನು ತಟ್ಟಿದರು. ನನ್ನದು ಚೀಲದಲ್ಲಿತ್ತು. ತೆಗೆದರು, ಕೊಡವಿದರು. ಅಂಗಡಿಯಿಂದ ತಂದ ಹಾಗಿತ್ತು.

"ಏನಪಾ ಕೈಸರ್, ನಿನ್ನ ಪ್ಯಾಂಟ್ ಆಟೋದಾಗ ಬಂತೋ, ನೀನೂ ಬಂದ್ಯೋ?"

ಹಮಾಲರು ನಕ್ಕರು. ಚಪ್ಪಲಿ ಬಿಟ್ಟು ಪಾದ ತೋರಿಸಿದ್ದರೆ ಮುಗಿಯುತ್ತಿತ್ತು. ಆಮೇಲೆ ಅವರಿಬ್ಬರಿಗೂ ಪಾದ ತೋರಿಸಿ ಎನ್ನುತ್ತಿದ್ದರು ಧಣಿ. ಆಗ ನಡೆದವನು ನಾನೊಬ್ಬನೇ ಆಗುತ್ತಿದ್ದೆ. ಒಬ್ಬನೇ ನಡೆದರೆ ಮಾವನಿಗೆ ಕಾಲಿಲ್ಲ. ವಿಜಯಕುಮಾರ ಭತ್ತ ನೋಡುತ್ತಿದ್ದ. ಎರ್ರಿ ತನ್ನ ಪ್ಯಾಂಟಿನ ಗೆರೆ ಸವರುತ್ತಿದ್ದ.

"ಆಟೋದಾಗ ಬಂದೆ ಧಣಿ," ಎಂದೆ. "ಅವರಿಬ್ರು ನಡದಾರ."

ನನ್ನ ಬಾಯಲ್ಲಿ ಮಾತು ಬಂತು. ನೋಡಿದನೋ ಇಲ್ಲವೋ ವಿಜಯಕುಮಾರ.

ನವೆಂಬರ್ 22, ಶುಕ್ರವಾರ

ಯೂನಿಟ್ಟಿನಲ್ಲಿ ಈಗ ನನ್ನ ಹೆಸರು ಆಟೋ. ದಾರದ ಉಂಡೆ ಬೇಕಾದರೆ "ಆಟೋ, ಇತ್ಲಾಗ ಬಾ" ಎನ್ನುತ್ತಾರೆ. ಎರ್ರಿ ಮಾತ್ರ ಹಾಗೆ ಕರೆಯುವುದಿಲ್ಲ. ಟೀ ತಂದು ಮಶೀನಿನ ಮೇಲೆ ಇಟ್ಟ. ಕುಡಿಯಲಿಲ್ಲ, ಆರಿ ಕೆನೆ ಕಟ್ಟಿತು.

ಸಂಜೆ ಎಲ್ಲರೂ ಹೋದ ಮೇಲೆ ಜಡೆಪ್ಪ ಮಾವ ಕರೆದ. ನನ್ನ ನಡಿಗೆ ನೋಡಿದ್ದಾನೆ. ಚಪ್ಪಲಿ ಬಿಡು ಎಂದ. ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ನನಗೆ ನಾಚಿಕೆ, ಎಳೆದುಕೊಳ್ಳಲೂ ಆಗಲಿಲ್ಲ.

"ಧಣಿ ಪ್ಯಾಂಟ್ ನೋಡಿದ್ರು. ಇದನ್ನ ನೋಡ್ಲಿಲ್ಲ." ನಾಳೆಯೇ ಹೋಗಿ ಹೇಳುತ್ತೇನೆ ಎಂದ. ಅಂಥ ಕಾಲು ಬೇಡ ಎಂದ.

"ಹೇಳಿದ್ರ ನನಗೇನೂ ಬರೂದಿಲ್ಲ ಮಾವ. ನಿಮ್ ಕೆಲಸ ಹೋಗ್ತೈತಿ."

ಇಸ್ತ್ರಿಪೆಟ್ಟಿಗೆ ಆರಿತ್ತು. ಅದರ ಹಿಡಿಕೆ ಸವರುತ್ತಾ ಕೇಳಿದ. "ಆ ಇಬ್ರಿಗೆ ನಾ ಕೈ ಮುಗೀಬೇಕೇನು?"

"ಮುಗೀರಿ. ಆಮ್ಯಾಲ ಕೈ ತೊಳ್ಕಳ್ರಿ."

ಮಾವ ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡ. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಜನವರಿ 3, ಶುಕ್ರವಾರ

ಒಂದೂವರೆ ತಿಂಗಳು ಬರೆದಿರಲಿಲ್ಲ. ಬರೆಯಲು ಏನೂ ಇರಲಿಲ್ಲ, ಆಟೋ ಎನ್ನುವುದನ್ನು ಬಿಟ್ಟರೆ.

ಇಂದು ಕಾಲು ಬಂತು. ಯೂನಿಟ್ಟಿನಲ್ಲಿ ಸಣ್ಣ ಕಾರ್ಯಕ್ರಮ. ಧಣಿ, ಶಾಲು, ಹಾರ. ವಿಜಯಕುಮಾರ ಮೈಕ್ ಹಿಡಿದು ಗುಡ್ಡ ಹತ್ತಿದ ಕಷ್ಟ ಹೇಳಿದ. ಹೋತದ ವಿಷಯವನ್ನೂ ಹೇಳಿದ! ಗುಡ್ಡ ಇಳಿದಾಗ ಮೇಲೆ ಏನಿತ್ತು ಎಂದು ಎರ್ರಿ ಕೇಳಿದ್ದಕ್ಕೆ ಒಂದು ಹೋತ ಎಂದಿದ್ದೆ, ಅದನ್ನೂ ಕದ್ದಿದ್ದಾನೆ. ಜಡೆಪ್ಪ ಮಾವ ಇಬ್ಬರಿಗೂ ಕೈ ಮುಗಿದ. ನಾನು ಹಿಂದೆ ರಟ್ಟಿನ ಡಬ್ಬ ಮಡಚುತ್ತಿದ್ದೆ.

ಎಲ್ಲರೂ ಲಾಡು ತಿನ್ನುವಾಗ ಮಾವ ಗೋಡೆ ಹಿಡಿದುಕೊಂಡು ನಲ್ಲಿಯ ತನಕ ಹೋದ. ಎರಡೂ ಕೈಗೆ ಸೋಪು ಹಚ್ಚಿ, ನಿಧಾನವಾಗಿ, ಮೊಣಕೈ ತನಕ ತೊಳೆದ.

ಜನವರಿ 9, ಗುರುವಾರ. ಬೆಳಿಗ್ಗೆ, ಯಾರೂ ಬರುವ ಮೊದಲು

ಮಾವ ತನ್ನ ಹಳೆಯ ಪ್ಯಾಂಟು ತಂದುಕೊಟ್ಟ. ಆಪರೇಷನ್ ಆದಾಗ ಅದರ ಬಲಗಾಲನ್ನು ಮೇಲಕ್ಕೆ ಮಡಚಿ ಹೊಲಿದು ಮುಚ್ಚಿದವನು ನಾನೇ. ಎರಡು ಸಲ ಹೊಲಿದಿದ್ದೆ, ಬಿಚ್ಚುವ ದಿನ ಬರುವುದಿಲ್ಲ ಎಂದು. ಬ್ಲೇಡಿನಿಂದ ಒಂದೊಂದೇ ಎಳೆ ಕಿತ್ತೆ. ಉಳಿದದ್ದೆಲ್ಲ ಒಗೆದು ಬೆಳ್ಳಗಾಗಿದೆ, ಮಡಚಿದ ಒಳಭಾಗ ಮಾತ್ರ ಇನ್ನೂ ಕಡು ನೀಲಿ. ದಾರದ ತುಂಡುಗಳನ್ನು ಊದಿ, ಕಾಲು ಕೆಳಗಿಳಿಸಿ, ಮಾವನ ಮೇಜಿನ ಮೇಲೆ ಹರಡಿದೆ. ಮಾವ ಪೆಟ್ಟಿಗೆ ಬಿಸಿಯಾಯಿತೇ ಎಂದು ನೀರು ಚಿಮುಕಿಸಿ ನೋಡುತ್ತಿದ್ದಾನೆ, ನಿಂತುಕೊಂಡು.