ಫಲಕದ ಮೇಲಿನ ಅಜ್ಜಿ ಜೈಂಟ್ ವೀಲ್ ಹತ್ತಿಲ್ಲ

ಹಿರಿಯರ ವಿಹಾರ ಯೋಜನೆಯ ಮಾನ್ಯ ವಿಶೇಷಾಧಿಕಾರಿಗಳೇ,

ನನ್ನ ಅತ್ತೆ ಜೈಂಟ್ ವೀಲ್ ಹತ್ತಿಲ್ಲ. ನಿಮ್ಮ ಫಲಕಗಳಲ್ಲಿ ಎರಡೂ ಕೈ ಮೇಲೆತ್ತಿ, ಬಾಯಿ ತುಂಬ ನಗುತ್ತ, "ಎಪ್ಪತ್ತೊಂದರಲ್ಲೂ ಆಕಾಶ ಮುಟ್ಟಿ ಬಂದೆ, ನೀವೂ ಬನ್ನಿ" ಎಂದು ಊರೂರಿನ ಹಿರಿಯರನ್ನು ಕರೆಯುತ್ತಿರುವ ಅಜ್ಜಿ ನನ್ನ ಅತ್ತೆ ಶಿವದೇವಿಯವರು. ಆಕೆ ಏರಿದ್ದು ನೆಲದಿಂದ ಒಂದಾಳು ಎತ್ತರಕ್ಕೆ. ಫೋಟೊ ಆದ ಕೂಡಲೇ ನಿಮ್ಮವರು ಇಳಿಸಿದರು. ಇನ್ನು ಆ ಮಾತನ್ನಂತೂ ಆಕೆ ಆಡಿಯೇ ಇಲ್ಲ. ಇಷ್ಟನ್ನು ನಿಮ್ಮ ಕಚೇರಿಗೆ ಮೂರು ಸಲ ತೆಲುಗಿನಲ್ಲಿ ಬರೆದುಕೊಟ್ಟಿದ್ದೇನೆ. ಈಗ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ನಿಮ್ಮ ಸುಳ್ಳು ಗಡಿ ದಾಟಿ, ಕನ್ನಡ ಕಲಿತು, ಬೀದರ್ ಜಿಲ್ಲೆಯ ಬಸ್ ನಿಲ್ದಾಣದಲ್ಲಿ ನಿಂತಿರುವಾಗ ನಿಜವೂ ಅದೇ ಭಾಷೆಯಲ್ಲಿ ಅದರ ಬೆನ್ನು ಹತ್ತಬೇಕಲ್ಲವೇ?

ನಾನು ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಾಡದ ಪರೀಕ್ಷೆಯನ್ನು ಮಾಡಿದ್ದೇನೆಂದು ಬರೆದರೆ ನಮ್ಮಲ್ಲಿ ಅದೇ ದಿನ ಕೆಲಸ ಹೋಗುತ್ತದೆ. ಕಾಗದವನ್ನು ನಂಬುವ ಅಭ್ಯಾಸ ನನಗೆ ಅಲ್ಲಿಂದ ಬಂತು. ಹಾಗಾಗಿ ಕಳೆದ ದಸರೆಗೆ ಮುಂಚೆ ನಿಮ್ಮ ಪ್ರಕಟಣೆ ಕಂಡಾಗ ಅದನ್ನೂ ನಂಬಿದೆ. ಅರವತ್ತೈದು ದಾಟಿದ ದಂಪತಿಗಳಿಗೆ ವರ್ತುಲ ರಸ್ತೆಯಾಚೆಯ ಥೀಮ್ ಪಾರ್ಕಿನಲ್ಲಿ ಒಂದು ದಿನದ ವಿಹಾರ, "ಎಲ್ಲ ಸವಾರಿಗಳಲ್ಲೂ ಹಿರಿಯರಿಗೆ ಮೊದಲ ಆದ್ಯತೆ" ಎಂದು ಅದರಲ್ಲಿತ್ತು. ಕಾರ್ಯಕ್ರಮಕ್ಕೆ ನೀವು 'ಪೆದ್ದಲ ಪಂಡುಗ' ಎಂದು ಹೆಸರಿಟ್ಟಿದ್ದಿರಿ. ತೆಲುಗಿನಲ್ಲಿ ಅದು ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ ಎಂದು ಪಕ್ಕದ ಮನೆಯವರು ನಕ್ಕಾಗ, ಹೆಸರಿನಲ್ಲೇನಿದೆ ಎಂದು ನಾನೇ ನಿಮ್ಮ ಪರ ವಾದಿಸಿದೆ.

ಅರ್ಜಿ ಹಾಕುವುದಕ್ಕೆ ಒಂದು ಕಾರಣವಿತ್ತು. ನನ್ನ ಮಾವ ವೈಜನಾಥ ಅವರದು ಹುಮನಾಬಾದಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಮಾಲಿಗಾಗಿ ನಲವತ್ತು ವರ್ಷ ಇಲ್ಲಿನ ಬೇಗಂ ಬಜಾರಿಗೆ ಓಡಾಡಿದವರು. ಮದುವೆಯಾದ ಹೊಸದರಲ್ಲಿ ಒಮ್ಮೆ ವ್ಯಾಪಾರಿ ಗೆಳೆಯರ ಜೊತೆ ನಾಂಪಲ್ಲಿಯ ವಸ್ತುಪ್ರದರ್ಶನವಾದ ನುಮಾಯಿಶ್‌ಗೆ ಹೋಗಿ ಜೈಂಟ್ ವೀಲ್ ಹತ್ತಿದ್ದರು. ಮೇಲಿನಿಂದ ಊರೆಲ್ಲ ದೀಪ ಚೆಲ್ಲಿದ ಹಾಗೆ ಕಂಡಿತೆಂದು ತಿಂಗಳುಗಟ್ಟಲೆ ಹೇಳಿದರಂತೆ. ಮುಂದಿನ ಸಲ ನಿನ್ನನ್ನೂ ಕರೆದೊಯ್ಯುತ್ತೇನೆ ಎಂದಿದ್ದರಂತೆ. ಅಂಗಡಿ, ಮಕ್ಕಳು, ಬಾಣಂತನಗಳ ನಡುವೆ ಆ ಮುಂದಿನ ಸಲ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ಯಾವ ಜಗಳವಾದರೂ ಅತ್ತೆಯ ಕೊನೆಯ ಮಾತು ಒಂದೇ: "ನೀವೊಬ್ರ ಹತ್ತಿ ಬಂದ್ರಿ."

ನಿಮ್ಮ ಕಚೇರಿಯಿಂದ ಆಯ್ಕೆಯ ಪತ್ರ ಬಂದ ದಿನ ಅತ್ತೆಗೆ ಫೋನ್ ಮಾಡಿದೆ.

"ಮುದುಕೇರನ್ನ ಯಾರ ಹತ್ತಿಸ್ತಾರವಾ? ಸುಳ್ಳ ಆಸೆ ಹಚ್ಚಬ್ಯಾಡ ನನಗ."

"ಸುಳ್ಳಲ್ರಿ ಅತ್ತಿ, ಸರಕಾರದವ್ರ ಬರದಾರ. ಕಾಗದದಾಗ ಐತ್ರಿ."

ಆ ಸಾಲನ್ನು ನನ್ನಿಂದ ಮತ್ತೊಮ್ಮೆ ಓದಿಸಿಕೊಂಡರು. ಆಮೇಲೆ, "ಕಾಗದದಾಗ ಇದ್ರ ಬರ್ತೀನಿ" ಎಂದರು.

ಬಂದರು. ಇಳಕಲ್ ಸೀರೆ ಉಟ್ಟು, ಗಾಳಿಗೆ ಸೆರಗು ಹಾರಬಾರದೆಂದು ಎರಡು ಪಿನ್ನು ಹೆಚ್ಚಿಗೆ ಚುಚ್ಚಿಕೊಂಡು ಬಂದರು. ನಾನು, ನನ್ನ ಗಂಡ ಶಾಂತಕುಮಾರ, ಹತ್ತು ವರ್ಷದ ಮಗಳು ರಶ್ಮಿ, ಅತ್ತೆ, ಮಾವ, ಒಟ್ಟು ಐದು ಜನ ಒಂಬತ್ತು ಗಂಟೆಗೆಲ್ಲ ಪಾರ್ಕಿನ ಬಾಗಿಲಲ್ಲಿದ್ದೆವು. ನಿಮ್ಮವರು ಒಂದು ಫಾರ್ಮು ಮುಂದಿಟ್ಟು ಕುಟುಂಬದವರೊಬ್ಬರು ಸಹಿ ಮಾಡಬೇಕೆಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಮಾಡಿದೆ. ಹಿರಿಯರಿಗೆಲ್ಲ ಕಿತ್ತಳೆ ಬಣ್ಣದ ಟೋಪಿ, ಶಾಲು ಹಾಕಿ ಬಿಸಿಲಲ್ಲಿ ಕೂರಿಸಿದರು. ನೀವು ಬಂದದ್ದು ಹನ್ನೊಂದೂವರೆಗೆ. ಹೆತ್ತವರ ಋಣದ ಬಗ್ಗೆ ಮಾತಾಡಿದಿರಿ. ಚೆನ್ನಾಗಿಯೇ ಮಾತಾಡಿದಿರಿ, ನನ್ನ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಹನ್ನೆರಡು ಜೋಡಿಗಳನ್ನು ಜೈಂಟ್ ವೀಲಿನ, ನೆಲದ ಹತ್ತಿರದ ಮೂರ್ನಾಲ್ಕು ತೊಟ್ಟಿಲುಗಳಲ್ಲಿ ಕೂರಿಸಿದರು. ಅಡ್ಡ ಸರಳು ಹಾಕಿದರು. ಚಕ್ರ ಒಂದಿಷ್ಟು ಏರಿ ನಿಂತಿತು. ಅತ್ತೆ ಮಾವನ ಕೈ ಹಿಡಿದುಕೊಂಡಿದ್ದರು. ಐವತ್ತು ವರ್ಷದ ಸಂಸಾರ ಅವರದು, ಹೊರಗೆ ನಾಲ್ಕು ಜನರೆದುರು ಅವರು ಹಾಗೆ ಕೈ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಕೆಳಗಿನಿಂದ ಫೋಟೊದವರು ಕೈ ಎತ್ತಿ, ನಗಿ, ಕೂಗಿ ಎಂದು ತೆಲುಗಿನಲ್ಲಿ ಕೂಗಿದರು. ಅತ್ತೆಗೆ ತೆಲುಗು ಬಾರದು. ಪಕ್ಕದ ತೊಟ್ಟಿಲಿನವರು ಮಾಡಿದಂತೆ ಮಾಡಿದರು. ಆದರೆ ಆ ನಗು ಮಾತ್ರ ಯಾರನ್ನೂ ನೋಡಿ ನಕ್ಕದ್ದಲ್ಲ. ಈಗ ತಿರುಗುತ್ತದೆ ಎಂದು ನಂಬಿ ನಕ್ಕ ನಗು ಅದು. ನೀವು ಫಲಕಕ್ಕೆ ಆರಿಸಿಕೊಂಡದ್ದು ಅದನ್ನೇ. ಹನ್ನೆರಡು ಜೋಡಿಯಲ್ಲಿ ಅಷ್ಟು ಚೆಂದದ ನಗು ಇನ್ನೊಂದಿರಲಿಲ್ಲ, ಒಪ್ಪುತ್ತೇನೆ.

ಚಕ್ರ ಹಿಂದಕ್ಕೆ ಸರಿಯಿತು. ಸರಳು ತೆಗೆದರು. "ದಿಗಂಡಿ, ದಿಗಂಡಿ" ಎಂದು ಇಳಿಸತೊಡಗಿದರು. ಅತ್ತೆ ಸರಳನ್ನು ಬಿಡಲಿಲ್ಲ.

"ಇನ್ನ ತಿರುಗೇ ಇಲ್ಲಲ್ಲಪಾ!"

ಚಕ್ರ ನಡೆಸುವಾತ ಗೋಡೆಯ ಮೇಲಿನ ಫಲಕ ತೋರಿಸಿದ. ಅರವತ್ತು ದಾಟಿದವರಿಗೆ ಈ ಸವಾರಿ ನಿಷಿದ್ಧ. ಅವನ ಮುಖದಲ್ಲೂ ಸಂಕೋಚವಿತ್ತು. ಅಷ್ಟರಲ್ಲಿ ನೀವು ಹತ್ತಿರ ಬಂದಿರಿ. ನೆನಪಿದೆಯೇ? ಬಾಗಿ, ಆಕೆಯ ಎರಡೂ ಕೈ ಹಿಡಿದು, ಆಕೆಗೆ ಅರ್ಥವಾಗುವ ಮಾತಿನಲ್ಲೇ ಹೇಳಿದಿರಿ: "ಅಮ್ಮಾ, ಫಿಕರ್ ನಕ್ಕೋ. ಖಾನಾ ಖಾಲೋ. ಖಾನೇ ಕೆ ಬಾದ್ ಪೂರಾ ಚಕ್ಕರ್." ಚಿಂತೆ ಬೇಡ, ಊಟ ಮಾಡಿ, ಊಟವಾದ ಮೇಲೆ ಪೂರ್ತಿ ಸುತ್ತು. ಇಷ್ಟು ದೊಡ್ಡ ಅಧಿಕಾರಿ ಕೈ ಹಿಡಿದು ಹೇಳಿದ ಮೇಲೆ ಅತ್ತೆ ಸರಳು ಬಿಟ್ಟರು.

ಊಟದಲ್ಲಿ ಆಕೆ ಅನ್ನ ಮುಟ್ಟಲಿಲ್ಲ. ಮೇಲೆ ಹೋದಾಗ ಹೊಟ್ಟೆ ತೊಳಸಿದರೆ ಎಂದು ಬರೀ ಮಜ್ಜಿಗೆ ಕುಡಿದರು. ಎರಡು ಗಂಟೆಯಿಂದ ಚಕ್ರದೆದುರಿನ ಕಲ್ಲುಬೆಂಚಿನ ಮೇಲೆ ಕೂತರು. ನಿಮ್ಮ ಕಾರು ಒಂದಕ್ಕೇ ಹೋಗಿತ್ತೆಂದು ಗಂಡ ವಿಚಾರಿಸಿಕೊಂಡು ಬಂದರು. ಅದನ್ನು ಆಕೆಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ನಾಲ್ಕಕ್ಕೆ ಮಾವ ಎದ್ದು ಚಕ್ರ ನಡೆಸುವವನ ಹತ್ತಿರ ಹೋದರು. ಅವನು ಕೈ ಮುಗಿದು, "ತಾತಾ, ನನ್ನ ಕೆಲಸ ಹೋಗುತ್ತೆ" ಎಂದನಂತೆ. ಮಾವ ತಿರುಗಿ ಬಂದು ಹೆಂಡತಿಯ ಮುಂದೆ ನಿಂತರು. ಅತ್ತೆ ಅವರ ಮುಖ ನೋಡಿದರು, ಎದ್ದರು, ರಶ್ಮಿಯ ಬೆನ್ನು ತಟ್ಟಿ, "ನೀ ಹತ್ತಿ ಬಾ, ಬಂದು ನನಗ ಹೇಳು" ಎಂದರು. ಮಗಳು ಹತ್ತಿದಳು. ಪ್ರತಿ ಸುತ್ತಿಗೂ ಅಜ್ಜಿ ಕೆಳಗಿನಿಂದ ಕೈ ಬೀಸಿದರು. ಇಳಿದು ಬಂದ ರಶ್ಮಿ, "ಏನೂ ಕಾಣ್ಲಿಲ್ಲ ಅಜ್ಜಿ, ಬರೀ ಧೂಳು" ಎಂದಳು. ಅವಳಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. ಅವತ್ತು ತಾನಾಗಿಯೇ ಕಲಿತಳು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಸರಕಾರಿ ಕಾರ್ಯಕ್ರಮ, ಹೀಗೇ ಎಂದುಕೊಂಡು ಮರೆಯುತ್ತಿದ್ದೆವು. ಆದರೆ ತಿಂಗಳೊಳಗೆ ಅಮೀರ್‌ಪೇಟ್ ಮೆಟ್ರೊ ಕೆಳಗೆ ಕಂಬದ ಮೇಲೆ ಅತ್ತೆ ಕಂಡರು. ನಂತರ, ಗಡಿಯಾಚೆಯವರನ್ನೂ ಪಾರ್ಕಿಗೆ ಸೆಳೆಯಲು, ಹುಮನಾಬಾದ್ ಬಸ್ ನಿಲ್ದಾಣದಲ್ಲಿ, ಕನ್ನಡದಲ್ಲಿ, ಕೆಳಗೆ ಆಕೆಯ ಹೆಸರು, ಊರು ಸಮೇತ. ಮಾವನ ಮುಖವನ್ನು ಮಾತ್ರ ಅರ್ಧಕ್ಕೆ ಕತ್ತರಿಸಿದ್ದಿರಿ. ಅವರು ನಕ್ಕಿರಲಿಲ್ಲ.

ಅತ್ತೆ ಪ್ರತಿ ಸೋಮವಾರ ಅಕ್ಕನ ಬಳಗಕ್ಕೆ ಹೋಗಿ ವಚನ ಹಾಡುವವರು. ಅವರ ಪಕ್ಕದಲ್ಲಿ ಕೂತು ದನಿಗೂಡಿಸುವವರು ಸುಗಲಮ್ಮ. ಗೋಡೆಗೆ ಗೋಡೆ ತಾಗಿದ ಮನೆ, ಐವತ್ತು ವರ್ಷದ ಗೆಳೆತನ. ಬಳಗದ ಹೆಂಗಸರೆಲ್ಲ ಹೆಂಗಿತ್ತು, ಹೆದರಿಕಿ ಆತೇನು ಎಂದು ಸುತ್ತುವರಿದಾಗ ಅತ್ತೆ, "ಹತ್ತಿಲ್ರೆವ್ವಾ, ಕೂಡಿಸಿ ಇಳಿಸಿದ್ರು" ಎಂದು ನಿಜವನ್ನೇ ಹೇಳಿದರು. ಫಲಕ ಬೇರೆಯದನ್ನೇ ಹೇಳುತ್ತಿತ್ತು. ಯಾರನ್ನು ನಂಬುತ್ತಾರೆ, ಹೇಳಿ?

ಸುಗಲಮ್ಮ ಡಿಸೆಂಬರ್‌ನಲ್ಲಿ ಮಗ, ಮೊಮ್ಮಕ್ಕಳನ್ನು ಕಟ್ಟಿಕೊಂಡು, ಮಂಡಿನೋವಿನಲ್ಲೇ ಬಸ್ಸು ಹತ್ತಿ, ಅತ್ತೆಗೂ ಹೇಳದೆ ಹೈದರಾಬಾದಿಗೆ ಬಂದರು. ಟಿಕೆಟ್ ಕೊಂಡು ಚಕ್ರದವರೆಗೆ ಹೋದ ಮೇಲೆ ಅದೇ ಗೋಡೆಯ ಫಲಕ ತೋರಿಸಿ ಹಿಂದೆ ಕಳಿಸಿದರು. "ನಮ್ಮ ಶಿವದೇವಿಯನ್ನು ಹತ್ತಿಸಿದ್ದೀರಿ" ಎಂದು ಆಕೆ ವಾದಿಸಿದಾಗ ಸಾಲಿನಲ್ಲಿದ್ದ ಹುಡುಗರು ನಕ್ಕರಂತೆ. ಮೊಮ್ಮಕ್ಕಳೂ ನಕ್ಕರಂತೆ. ಊರಿಗೆ ಮರಳಿದವರೇ ಅತ್ತೆಯ ಬಾಗಿಲಲ್ಲಿ ನಿಂತರು.

"ನೀ ಹತ್ತಿ ಬಂದು ಹತ್ತಿಲ್ಲ ಅಂದಿ. ಯಾಕ, ನಾ ಎಲ್ಲಿ ಹತ್ತೇನು ಅಂತೇನು? ಫಲಕದಾಗ ಊರ ತುಂಬ ನಗಾಕತ್ತಿ, ನನ್ನ ಮುಂದ ಸುಳ್ಳ ಹೇಳತಿ."

"ಸುಗಲಾ, ನಿನ್ನಾಣಿ ನಾ ಹತ್ತಿಲ್ಲ."

"ಆಣಿ ಬ್ಯಾರೆ ಮಾಡತಿ?"

ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಅತ್ತೆ ಬಳಗಕ್ಕೆ ಹೋಗುವುದನ್ನು ಬಿಟ್ಟರು. ಸೋಮವಾರ ಸಂಜೆ ಹಾಡು ಗೋಡೆಯಾಚೆಯಿಂದ ಕೇಳುವಾಗ ಆಕೆ ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತಾರಂತೆ. ಇದನ್ನು ನನಗೆ ಹೇಳಿದ್ದು ಮಾವ.

ನಾನು ನಿಮ್ಮ ಕಚೇರಿಗೆ ಬಂದೆ. ನಿಮ್ಮನ್ನು ಕಾಣಲು ಬಿಡಲಿಲ್ಲ. ಗುಮಾಸ್ತರು ನನ್ನ ಸಹಿಯಿದ್ದ ಫಾರ್ಮು ತೆಗೆದು ಮುಂದಿಟ್ಟರು. "ಚಿತ್ರ ಮತ್ತು ಅನಿಸಿಕೆಗಳನ್ನು ಸೂಕ್ತ ರೀತಿಯಲ್ಲಿ ಬಳಸಲು ಒಪ್ಪಿಗೆ." ನನ್ನದೇ ಸಹಿ. ಕಾರ್ಖಾನೆಯಲ್ಲಿ ಒಂದು ಸಾಲನ್ನು ಮೂರು ಸಲ ಓದುವ ನಾನು ಅಂದು ಓದಿರಲಿಲ್ಲ. ಈ ಅಪರಾಧವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ, ಅದು ನನ್ನದೇ. ಆದರೆ ಅನಿಸಿಕೆ ಎನ್ನುವುದು ಮೊದಲು ಅನಿಸಬೇಕಲ್ಲ? ಆಕೆಗೆ ಅನಿಸದೆ, ಆಕೆ ಆಡದೆ, ನಿಮ್ಮ ಕಚೇರಿಯ ಯಾವ ಮೇಜಿನ ಮೇಲೆ ಹುಟ್ಟಿತು ಆ ಮಾತು? ಮೂರನೆಯ ದೂರಿಗೆ ಉತ್ತರ ಬಂತು. "ಸದರಿ ಫಲಾನುಭವಿಯು ಸವಾರಿಯಲ್ಲಿ ಆಸೀನರಾಗಿದ್ದು, ಸವಾರಿಯು ಮೇಲ್ಮುಖವಾಗಿ ಚಲಿಸಿರುವುದು ದೃಢಪಟ್ಟಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂಬುದು ಅದರ ಸಾರ. ಮೇಲ್ಮುಖವಾಗಿ! ಆ ಲೆಕ್ಕದಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಏಳುವ ಪ್ರತಿಯೊಬ್ಬರೂ ನಿಮ್ಮ ಫಲಾನುಭವಿಗಳೇ.

ಅರವತ್ತರ ನಿಯಮವನ್ನು ನಾನು ಪ್ರಶ್ನಿಸುತ್ತಿಲ್ಲ. ಎದೆ, ಬೆನ್ನುಮೂಳೆ, ರಕ್ತದೊತ್ತಡ, ಕಾರಣಗಳಿರಬಹುದು. ಹಾಗಿದ್ದರೆ ಹಿರಿಯರೇ ಹತ್ತಲು ಬನ್ನಿ ಎಂದು ಜಿಲ್ಲೆ ಜಿಲ್ಲೆಗೆ ಕರೆಯುತ್ತಿರುವುದೇಕೆ? ಅಪಾಯವಿಲ್ಲದಿದ್ದರೆ ನನ್ನ ಅತ್ತೆಯನ್ನು ಇಳಿಸಿದ್ದೇಕೆ? ಫಲಕ ಎರಡು: ಒಂದು ಗೋಡೆಯ ಮೇಲೆ, ಒಂದು ಬಸ್ ನಿಲ್ದಾಣದಲ್ಲಿ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಯಾವುದು ಸುಳ್ಳೆಂದು ಆ ಮಧ್ಯಾಹ್ನ ಆಕೆಯ ಕೈ ಹಿಡಿದಾಗಲೇ ನಿಮಗೆ ಗೊತ್ತಿತ್ತು. ನನ್ನನ್ನು ಕೊರೆಯುತ್ತಿರುವುದು ಅದು. ಗೊತ್ತಿಲ್ಲದೆ ಹೇಳಿದ್ದರೆ ಕ್ಷಮಿಸಬಹುದಿತ್ತು.

ಕಳೆದ ತಿಂಗಳು ನಾನು ಹುಮನಾಬಾದಿಗೆ ಹೋದೆ. ಪಾರ್ಕಿನ ದಿನ ರಶ್ಮಿ ನನ್ನ ಫೋನಿನಲ್ಲಿ ತೆಗೆದಿದ್ದ ವಿಡಿಯೊ ಆಗಷ್ಟೇ ನನ್ನ ಕಣ್ಣಿಗೆ ಬಿದ್ದಿತ್ತು. ಕೂರಿಸಿದ್ದು, ಕೈ ಎತ್ತಿಸಿದ್ದು, ಇಳಿಸಿದ್ದು, ನಿಮ್ಮ ಮಾತು, ಎಲ್ಲವೂ ಅದರಲ್ಲಿದೆ. ಅದನ್ನು ಸುಗಲಮ್ಮನವರಿಗೆ ತೋರಿಸಿದೆ. ಆಕೆ ಎರಡು ಸಲ ನೋಡಿದರು. "ಅಯ್ಯ, ಸರಳ ಹೆಂಗ ಹಿಡಕೊಂಡಾಳ ನೋಡು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ನನ್ನ ಜೊತೆ ಪಕ್ಕದ ಮನೆಗೆ ಬಂದರು. "ತಪ್ಪಾತ ಶಿವದೇವಿ, ವಿಡಿಯೊ ನೋಡಿದೆ, ನೀ ಹತ್ತಿಲ್ಲ" ಎಂದರು.

ಎಲ್ಲ ಸರಿಹೋಯಿತು ಎಂದುಕೊಂಡೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾ ಹೇಳಿದ್ದು ನಂಬಲಿಲ್ಲ ನೀ. ಫಲಕ ನಂಬಿದಿ. ಈಗ ಫೋನ್ ನಂಬಾಕತ್ತಿ. ಐವತ್ತ ವರ್ಷ ನಿನ್ನ ಮುಂದ ಬಾಯಿ ತೆಗೆದು ಆಡಿದ್ದೆಲ್ಲಾ ಎಲ್ಲಿ ಹೋತು?"

ಸುಗಲಮ್ಮ ಬರಿಗಾಲಲ್ಲೇ ತಿರುಗಿ ಹೋದರು. ಆಮೇಲೆ ಅತ್ತೆ ನನ್ನ ಕಡೆ ನೋಡಿ, "ನಿನ್ನ ಕಡೆ ವಿಡಿಯೊ ಇರಲಿಲ್ಲ ಅಂದ್ರ ನಾ ಸಾಯೋತನಕ ಸುಳ್ಳಿ ಆಗಿರತಿದ್ದೆ, ಹೌದಿಲ್ಲೋ?" ಎಂದರು. ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ಬರೆಯಿರಿ.

ನಾನು ಸವಾರಿ ಕೇಳುತ್ತಿಲ್ಲ. ನೀವೇ ಕಾರು ಕಳಿಸಿ ಕರೆದರೂ ಆಕೆ ಇನ್ನು ಬರುವುದಿಲ್ಲ. ಬರೀ ಫಲಕ ಕಿತ್ತರೂ ಸಾಲದು. ಕಿತ್ತರೆ, ಹಳತಾಯಿತು ಕಿತ್ತರು ಎಂದುಕೊಳ್ಳುತ್ತಾರೆ ಜನ. ನನ್ನ ಬೇಡಿಕೆ ಇದು: ಹುಮನಾಬಾದ್ ಬಸ್ ನಿಲ್ದಾಣದಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಚಿತ್ರವಿಲ್ಲದೆ, ನಿಮ್ಮ ಕಚೇರಿಯ ಮೊಹರಿನೊಂದಿಗೆ ಎರಡು ವಾಕ್ಯ ಬರೆಸಿ. "ಶಿವದೇವಿಯವರನ್ನು ನಾವು ಜೈಂಟ್ ವೀಲ್ ಹತ್ತಿಸಲಿಲ್ಲ. ಅವರು ಹೇಳಿದ್ದೇ ನಿಜ."

ಇಂತಿ,
ಅತ್ತೆಯ ಪ್ರಶ್ನೆಗೆ ಇನ್ನೂ ಉತ್ತರ ಹೊಳೆಯದ ಸೊಸೆ
ಸಪ್ನಾ ಶಾಂತಕುಮಾರ
ಹೈದರಾಬಾದ್